ವಸಾಹತು ತೈವಾನಿನ ಎಡಪಂಥ: ಕಬ್ಬಿನ ಗದ್ದೆಯಿಂದ ಗಣರಾಜ್ಯದ ಬೇಡಿಕೆಗೆ

1895ರ ಶಿಮೊನೊಸೆಕಿ ಒಪ್ಪಂದದಿಂದ ಜಪಾನಿನ ವಶವಾದ ತೈವಾನಿನಲ್ಲಿ ಎರಡು ದಶಕಗಳ ಸಶಸ್ತ್ರ ಪ್ರತಿರೋಧ ಅಡಗಿದ ಮೇಲೆ ರಾಜಕೀಯದ ಮುಂದಾಳತ್ವ ವಿದ್ಯಾವಂತರ ಕೈಗೆ ಬಂತು. ಪ್ರತ್ಯೇಕ ಶಾಸನಸಭೆ ಬೇಕೆಂದು ಅವರು 1921ರಿಂದ 1934ರವರೆಗೆ ಜಪಾನಿನ ಸಂಸತ್ತಿಗೆ 15 ಬಾರಿ ಅರ್ಜಿ ಹಾಕಿದರು, ಒಂದೂ ಫಲಿಸಲಿಲ್ಲ. 1921ರ ಅಕ್ಟೋಬರಿನಲ್ಲಿ ವೈದ್ಯ ಚಿಯಾಂಗ್ ವೈ-ಶುಯಿ ಕಟ್ಟಿದ ಸಾಂಸ್ಕೃತಿಕ ಸಂಘವೂ ಬಹಿರಂಗವಾಗಿ ಸ್ವಾತಂತ್ರ್ಯದ ಮಾತೆತ್ತಲಿಲ್ಲ.

ಸಮಾಜವಾದದ ವಿಚಾರಗಳನ್ನು ತಂದವರು ಟೋಕಿಯೋ, ಶಾಂಘೈಗಳಲ್ಲಿ ಓದುತ್ತಿದ್ದ ವಿದ್ಯಾರ್ಥಿಗಳು. ಅವಕ್ಕೆ ನೆಲೆ ಸಿಕ್ಕಿದ್ದು ಮಾತ್ರ ಕಬ್ಬಿನ ಗದ್ದೆಯಲ್ಲಿ. ವಸಾಹತು ಸರ್ಕಾರ ಪ್ರತಿ ಸಕ್ಕರೆ ಕಾರ್ಖಾನೆಗೂ ಇಂತಿಷ್ಟು ಪ್ರದೇಶವೆಂದು ಹಂಚಿಕೊಟ್ಟಿತ್ತು. ಆ ಎಲ್ಲೆಯೊಳಗಿನ ಕಬ್ಬು ಬೇರೆ ಕಾರ್ಖಾನೆಗೆ ಹೋಗುವಂತಿರಲಿಲ್ಲ. ಬೆಲೆ ಕಟ್ಟುವುದೂ ಕಂಪನಿಯೇ, ಅದೂ ಬಹುತೇಕ ಕಟಾವಾದ ಮೇಲೆ. ಮೊದಲು ಬೆಲೆ ಹೇಳಿ, ಆಮೇಲೆ ಕಡಿಯಿರಿ ಎಂದು ಎರ್ಲಿನ್ ಎಂಬ ಊರಿನ ಬೆಳೆಗಾರರು ಪಟ್ಟು ಹಿಡಿದಾಗ, 1925ರ ಅಕ್ಟೋಬರಿನಲ್ಲಿ ಕಂಪನಿ ಪೊಲೀಸರ ಕಾವಲಿನಲ್ಲಿ ಕಟಾವಿಗೆ ಇಳಿಯಿತು. ಘರ್ಷಣೆಯಾಗಿ ಅನೇಕರು ಜೈಲು ಸೇರಿದರು. ಅವರ ಪರ ವಾದಿಸಲು ಬಂದವರಲ್ಲಿ ಜಪಾನಿನ ವಕೀಲ ಫುಸೆ ತಾತ್ಸುಜಿಯೂ ಇದ್ದುದು ಗಮನಾರ್ಹ: ತೈವಾನಿನ ಎಡಪಂಥ ಆಳುವ ನಾಡಿನ ಎಡಪಂಥದ ನೆರವಿನಿಂದಲೇ ಬೆಳೆಯಿತು. 1926ರಲ್ಲಿ ಹುಟ್ಟಿದ ತೈವಾನ್ ರೈತ ಸಂಘವನ್ನು ಮುನ್ನಡೆಸಿದವರು ಶಿಕ್ಷಕ ವೃತ್ತಿ ಬಿಟ್ಟುಬಂದ ಚಿಯೆನ್ ಚಿ. ಕೆಲವೇ ವರ್ಷಗಳಲ್ಲಿ ಅದರ ಸದಸ್ಯರ ಸಂಖ್ಯೆ 20,000 ದಾಟಿತು.

1927ರ ಜನವರಿಯಲ್ಲಿ ಸಾಂಸ್ಕೃತಿಕ ಸಂಘ ಒಡೆಯಿತು. ಲಿಯೆನ್ ವೆನ್-ಚಿಂಗ್, ವಾಂಗ್ ಮಿನ್-ಚ್ವಾನ್ ಅವರ ಎಡ ಗುಂಪು ಸಂಘವನ್ನು ಹಿಡಿಯಿತು. ಹೊರನಡೆದ ಚಿಯಾಂಗ್ ತೈವಾನ್ ಜನತಾ ಪಕ್ಷ ಸ್ಥಾಪಿಸಿದರು. ಆದರೆ ಅವರೂ ಕಾರ್ಮಿಕ ಸಂಘಟನೆಯತ್ತ ವಾಲುತ್ತ ಹೋದರು.

1928ರ ಏಪ್ರಿಲ್ 15ರಂದು ಶಾಂಘೈನಲ್ಲಿ ಫ್ರೆಂಚರ ಆಡಳಿತಕ್ಕೊಳಪಟ್ಟಿದ್ದ ಪ್ರದೇಶದಲ್ಲಿ ತೈವಾನ್ ಕಮ್ಯುನಿಸ್ಟ್ ಪಕ್ಷ ಗುಟ್ಟಾಗಿ ಜನ್ಮತಾಳಿತು. ಅದರ ಸ್ಥಾಪಕರಾದ ಷಿಯೆ ಷ್ವೆ-ಹುಂಗ್ ಎಂಬ ಮಹಿಳೆ ಮತ್ತು ಲಿನ್ ಮು-ಶುನ್ ಇಬ್ಬರೂ ಮಾಸ್ಕೋದಲ್ಲಿ ತರಬೇತಿ ಪಡೆದವರು. ತೈವಾನ್ ಜನಾಂಗದ ಸ್ವಾತಂತ್ರ್ಯ, ತೈವಾನ್ ಗಣರಾಜ್ಯ ಎಂಬ ಗುರಿಗಳನ್ನು ಪಕ್ಷ ಬರೆದಿಟ್ಟಿತು. ಉದಾರವಾದಿಗಳು ಹೇಳಲಾರದ್ದನ್ನು ಹೇಳಿದ ಈ ಪಕ್ಷ, ಒಂದು ರಾಜ್ಯಕ್ಕೆ ಒಂದೇ ಪಕ್ಷವೆಂಬ ಕಾಮಿಂಟರ್ನ್ (ಕಮ್ಯುನಿಸ್ಟ್ ಪಕ್ಷಗಳ ಅಂತರರಾಷ್ಟ್ರೀಯ ಒಕ್ಕೂಟ) ನಿಯಮಕ್ಕೆ ಕಟ್ಟುಬಿದ್ದು, ಜಪಾನ್ ಕಮ್ಯುನಿಸ್ಟ್ ಪಕ್ಷದ ಶಾಖೆಯಾಗಿಯೇ ನಿಲ್ಲಬೇಕಾಯಿತು. ಜಪಾನಿನಲ್ಲಿ ಮಾರ್ಚ್ 15ರಂದು ಸಾಮೂಹಿಕ ಬಂಧನಗಳು ನಡೆದಿದ್ದರಿಂದ ಸ್ಥಾಪನಾ ಸಭೆಗೆ ಆ ಮಾತೃಪಕ್ಷದ ಪ್ರತಿನಿಧಿಯೇ ಬರಲಿಲ್ಲ; ಬಂದದ್ದು ಚೀನಾದ ಪಕ್ಷದವರು.

ಕೆಲವೇ ದಿನಗಳಲ್ಲಿ ಷಿಯೆ ಸೆರೆಸಿಕ್ಕರು. ತೈವಾನಿಗೆ ಕಳಿಸಲ್ಪಟ್ಟು, ಸಾಕ್ಷ್ಯ ಸಾಲದೆ ಬಿಡುಗಡೆಯಾದ ಅವರು ತೈಪೆಯಲ್ಲಿ ಪುಸ್ತಕದಂಗಡಿ ತೆರೆದು ಪಕ್ಷವನ್ನು ಮತ್ತೆ ಕಟ್ಟಿದರು. ರೈತ ಸಂಘ, ಸಾಂಸ್ಕೃತಿಕ ಸಂಘಗಳು ಪಕ್ಷದ ಪ್ರಭಾವಕ್ಕೆ ಒಳಗಾದವು. ಷಿಯೆ ಅವರ ಎಚ್ಚರದ ನಡೆಯನ್ನು ಹೇಡಿತನವೆಂದು ಕಂಡ ಯುವ ಗುಂಪು 1931ರಲ್ಲಿ ಅವರನ್ನೇ ಉಚ್ಚಾಟಿಸಿತು. ಅದೇ ವರ್ಷದ ಬಂಧನಗಳಲ್ಲಿ ಪಕ್ಷ ನಾಶವಾಯಿತು. ಜನತಾ ಪಕ್ಷವನ್ನೂ ಸರ್ಕಾರ ಆ ಫೆಬ್ರವರಿಯಲ್ಲೇ ನಿಷೇಧಿಸಿತ್ತು. ಷಿಯೆ ಅವರಿಗೆ 13 ವರ್ಷಗಳ ಶಿಕ್ಷೆಯಾಯಿತು.

ಜಪಾನ್ ತೆರಳಿ ಚೀನಾದ ಕೂಮಿಂಟಾಂಗ್ ಪಕ್ಷದ ಆಡಳಿತ ಬಂದ ಮೇಲೆ, ಅದರ ವಿರುದ್ಧ 1947ರಲ್ಲಿ ನಡೆದ ದಂಗೆಯ ನಂತರ ದ್ವೀಪ ತೊರೆದ ಷಿಯೆ ಹಾಂಗ್‌ಕಾಂಗ್‌ನಲ್ಲಿ ಸ್ಥಾಪಿಸಿದ ಸಂಘಟನೆ ಕೇಳಿದ್ದು ಸ್ವಾತಂತ್ರ್ಯವನ್ನಲ್ಲ, ಸ್ವಯಮಾಡಳಿತವನ್ನು. ತೈವಾನಿನಲ್ಲೇ ಉಳಿದ ಚಿಯೆನ್ ಚಿ ಅವರನ್ನು ಕೂಮಿಂಟಾಂಗ್ ಸರ್ಕಾರ 1951ರಲ್ಲಿ ಗುಂಡಿಕ್ಕಿ ಕೊಂದಿತು.