ಓದೂ ಒಂದು ಕಾಯಕ: ವಚನಗಳನ್ನು ನಮಗೆ ಉಳಿಸಿಕೊಟ್ಟ ಕಾವ್ಯಪ್ರೀತಿ



ಕಾವ್ಯವನ್ನು ಬಾಳಿನುದ್ದಕ್ಕೂ ಪ್ರೀತಿಸಿದವರು ಎಂದೊಡನೆ ನಮ್ಮ ಮನಸ್ಸು ಸಹಜವಾಗಿ ಕವಿಗಳತ್ತ ಹರಿಯುತ್ತದೆ. ವಚನ ಸಾಹಿತ್ಯದ ಇತಿಹಾಸವನ್ನು ನೋಡಿದರೆ ಇನ್ನೊಂದು ಸತ್ಯ ಗೋಚರಿಸುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಶರಣರು ನುಡಿದ ಮಾತು ಇಂದು ನಮ್ಮ ನಾಲಗೆಯ ಮೇಲೆ ನಲಿಯುತ್ತಿರುವುದಕ್ಕೆ, ನುಡಿದವರಂತೆಯೇ ಅದನ್ನು ಓದಿದವರೂ, ಪ್ರತಿ ಮಾಡಿದವರೂ, ಕಟ್ಟು ಕಟ್ಟಿ ಕಾಪಾಡಿದವರೂ ಕಾರಣರು. ಅವರಲ್ಲಿ ಬಹುಮಂದಿಯ ಹೆಸರು ನಮಗೆ ಉಳಿದಿಲ್ಲ. ಆ ಓದುಗರ ಪರಂಪರೆಯನ್ನು ಸ್ಮರಿಸುವುದೇ ಈ ಲೇಖನದ ಉದ್ದೇಶ.

ಕಲ್ಯಾಣದ ಕ್ರಾಂತಿಯ ತರುವಾಯ ಶರಣರು ದಿಕ್ಕು ದಿಕ್ಕಿಗೆ ಚದುರಿದರು. ಚೆನ್ನಬಸವಣ್ಣನವರ ಮುಂದಾಳತ್ವದಲ್ಲಿ ಒಂದು ಸಮೂಹವು ವಚನದ ಕಟ್ಟುಗಳೊಡನೆ ಉಳವಿಯತ್ತ ನಡೆಯಿತೆಂದು ಪರಂಪರೆ ಹೇಳುತ್ತದೆ. ಅನಂತರದ ದೀರ್ಘಕಾಲದಲ್ಲಿ ವಚನಗಳು ಮಠಗಳಲ್ಲಿ, ಭಕ್ತರ ಮನೆಗಳಲ್ಲಿ, ಬಾಯಿಪಾಠದಲ್ಲಿ ಉಳಿದವು. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ ಬರುವಾಗ ಅವುಗಳಿಗೆ ಹೊಸ ಜೀವ ಬಂದಿತು. ಲಕ್ಕಣ್ಣ ದಂಡೇಶ, ಜಕ್ಕಣಾರ್ಯರಂಥವರ ಕಾಲವದು. ವಿರಕ್ತರು ವಚನಗಳನ್ನು ಸಂಗ್ರಹಿಸಿ, ಸ್ಥಲಕ್ಕನುಗುಣವಾಗಿ ಜೋಡಿಸಿ, ವ್ಯಾಖ್ಯಾನ ಬರೆದರು.

ಆ ಕಾಲದ ಓದು ಎಷ್ಟು ಸೃಜನಶೀಲವಾಗಿತ್ತೆಂಬುದಕ್ಕೆ ಶೂನ್ಯಸಂಪಾದನೆಯೇ ಸಾಕ್ಷಿ. ಶಿವಗಣಪ್ರಸಾದಿ ಮಹಾದೇವಯ್ಯನು ಬೇರೆ ಬೇರೆ ಶರಣರ ವಚನಗಳನ್ನು ಎದುರುಬದುರಾಗಿ ನಿಲ್ಲಿಸಿ, ನಡುನಡುವೆ ತನ್ನ ಗದ್ಯವನ್ನು ಹೆಣೆದು, ಅಲ್ಲಮಪ್ರಭುಗಳನ್ನು ಕೇಂದ್ರದಲ್ಲಿರಿಸಿದ ಒಂದು ಮಹಾಸಂವಾದವನ್ನು ಕಟ್ಟಿದನು. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಮತ್ತೆ ಓದಿ, ಮತ್ತೆ ಜೋಡಿಸಿ, ವಿಸ್ತರಿಸಿದರು. ಒಂದೇ ಕೃತಿಯ ಈ ನಾಲ್ಕು ಪರಿಷ್ಕರಣಗಳು ನಾಲ್ಕು ಓದುಗಳ ಫಲ. ಓದುತ್ತ ಓದುತ್ತ ಬರೆಯುವುದು, ಬರೆಯುತ್ತ ಇನ್ನಷ್ಟು ಆಳವಾಗಿ ಓದುವುದು, ಇವೆರಡನ್ನೂ ಅವರು ಬೇರ್ಪಡಿಸಲಿಲ್ಲ.

ಓಲೆಗರಿಯ ಓದು ಎಂಥ ಶ್ರಮದ ಕಾರ್ಯವೆಂಬುದನ್ನೂ ನಾವು ಅರಿಯಬೇಕು. ಹದಗೊಳಿಸಿದ ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಅಕ್ಷರಗಳನ್ನು ಕೊರೆಯುತ್ತಿದ್ದರು. ಕೊರೆದ ಗೆರೆ ಕಣ್ಣಿಗೆ ಕಾಣಬೇಕಾದರೆ ಮೇಲೆ ಮಸಿಯನ್ನು ತಿಕ್ಕಿ ಒರೆಸಬೇಕು. ಗರಿಗಳಿಗೆ ತೂತು ಮಾಡಿ, ದಾರ ಪೋಣಿಸಿ, ಎರಡು ಹಲಗೆಗಳ ನಡುವೆ ಬಿಗಿದರೆ ಒಂದು ಕಟ್ಟು ಸಿದ್ಧ. ಪದ ಪದಗಳ ನಡುವೆ ಅಂತರವಿಲ್ಲ. ಪದ್ಯ ಗದ್ಯಗಳೆಂಬ ಭೇದವಿಲ್ಲದೆ ಸಾಲು ಅಂಚಿನಿಂದ ಅಂಚಿಗೆ ಸಾಗುತ್ತದೆ. ಅನೇಕ ಓಲೆಗಳಲ್ಲಿ ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಬರಹದಲ್ಲಿ ವ್ಯತ್ಯಾಸವಿರುವುದಿಲ್ಲ. 'ಕೊಡು' ಎಂಬುದೂ 'ಕೋಡು' ಎಂಬುದೂ ಒಂದೇ ರೂಪದಲ್ಲಿರುತ್ತವೆ. ಅರ್ಥವನ್ನು ಬಲ್ಲವನೇ ಅಕ್ಷರವನ್ನು ಬಿಡಿಸಬಲ್ಲನು. ಗೆದ್ದಲು, ಹುಳು, ತೇವಗಳಿಂದ ಒಂದು ಪ್ರತಿ ಜೀರ್ಣವಾಗುವುದರೊಳಗೆ ಇನ್ನೊಬ್ಬರು ಕುಳಿತು ಮತ್ತೊಂದನ್ನು ಬರೆಯಬೇಕಿತ್ತು. ಒಂದು ತಲೆಮಾರು ಈ ಕೆಲಸವನ್ನು ಮರೆತರೆ ಸಾಕು, ಒಂದು ದನಿ ಶಾಶ್ವತವಾಗಿ ಆರಿಹೋಗುತ್ತಿತ್ತು.

ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಕೆಲವು ವಚನ ಗ್ರಂಥಗಳು ಅಚ್ಚಾಗಿದ್ದರೂ ಬಹುಭಾಗ ಓಲೆಗಳಲ್ಲಿಯೇ ಇತ್ತು. ಹಲವು ಮನೆಗಳಲ್ಲಿ ಅದು ಪೂಜೆಗೊಳ್ಳುತ್ತಿತ್ತು, ಓದಿಗೆ ಒಳಗಾಗುತ್ತಿರಲಿಲ್ಲ. ಅಂಥ ಕಾಲದಲ್ಲಿ ಬಂದವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಅವರು ಮುಂಬಯಿಯಲ್ಲಿ ಉನ್ನತ ವ್ಯಾಸಂಗ ಮಾಡಿ, 1904ರಲ್ಲಿ ಕಾನೂನು ಪದವಿ ಪಡೆದು, ಬಿಜಾಪುರದಲ್ಲಿ ವಕೀಲರಾಗಿ ನೆಲೆಸಿದರು. ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ರಬಕವಿ-ಬನಹಟ್ಟಿಯ ಭಾಗದಲ್ಲಿ ಅವರ ಕಣ್ಣಿಗೆ ವಚನದ ಓಲೆಗರಿಗಳು ಬಿದ್ದವು. ಅಂದು ಆರಂಭವಾದ ಓದು 1964ರಲ್ಲಿ ಅವರು ಲಿಂಗೈಕ್ಯರಾಗುವವರೆಗೂ ಅವರ ಬಾಳನ್ನು ಆವರಿಸಿತು.

ಹಳಕಟ್ಟಿಯವರು ಊರೂರು ತಿರುಗಿ ಓಲೆಗಳನ್ನು ಸಂಗ್ರಹಿಸಿದರೆಂಬುದು ಎಲ್ಲರೂ ಬಲ್ಲ ಸಂಗತಿ. ಸಂಗ್ರಹದ ಅನಂತರದ ಕೆಲಸವೇ ಹೆಚ್ಚು ಕಠಿನವಾದುದು. ಒಂದು ಕಟ್ಟಿನಲ್ಲಿ ಅನೇಕ ಶರಣರ ವಚನಗಳು ಬೆರೆತಿರುತ್ತವೆ. ಅವುಗಳನ್ನು ಯಾರದೆಂದು ಬೇರ್ಪಡಿಸುವುದಕ್ಕೆ ಇರುವ ಮುಖ್ಯ ದಾರಿಯೆಂದರೆ ಅಂಕಿತ. ಗುಹೇಶ್ವರನೆಂದರೆ ಅಲ್ಲಮಪ್ರಭು, ರಾಮನಾಥನೆಂದರೆ ಜೇಡರ ದಾಸಿಮಯ್ಯ, ಚಂದೇಶ್ವರಲಿಂಗವೆಂದರೆ ನುಲಿಯ ಚಂದಯ್ಯ. ಅಂಬಿಗರ ಚೌಡಯ್ಯನೋ ತನ್ನ ಹೆಸರನ್ನೇ ಅಂಕಿತವಾಗಿಸಿಕೊಂಡ ಧೀರ. ಹೀಗೆ ಅಂಕಿತದ ಬೆಳಕನ್ನು ಹಿಡಿದು ನಡೆದ ಹಳಕಟ್ಟಿಯವರು 200ಕ್ಕೂ ಹೆಚ್ಚು ವಚನಕಾರರನ್ನು ಲೋಕಕ್ಕೆ ಪರಿಚಯಿಸಿದರು. ದೋಣಿ ನಡೆಸಿದವನು, ಹಗ್ಗ ಹೊಸೆದವನು, ಚೆಲ್ಲಿದ ಅಕ್ಕಿಯನ್ನು ಆಯ್ದ ಮಾರಯ್ಯ ಲಕ್ಕಮ್ಮ ದಂಪತಿಗಳು ಸಾಹಿತ್ಯ ಚರಿತ್ರೆಯ ಪುಟಗಳಲ್ಲಿ ಕವಿಗಳಾಗಿ ನಿಂತರು.

ಇಲ್ಲಿ ಒಂದು ಸಂಗತಿಯನ್ನು ಮನಗಾಣಬೇಕು. ನಿರ್ಲಜ್ಜೇಶ್ವರ ಅಂಕಿತದ ಶರಣೆ ಸೂಳೆ ಸಂಕವ್ವೆಯ ವಚನಗಳಲ್ಲಿ ನಮಗೆ ದೊರೆತಿರುವುದು ಒಂದೇ ಒಂದು. ಎಂಟು ಶತಮಾನಗಳ ದಾರಿಯಲ್ಲಿ ಯಾವನೋ ಒಬ್ಬ ಪ್ರತಿಕಾರನು ಬೇಸತ್ತು ಆ ಕೆಲವು ಸಾಲುಗಳನ್ನು ಬಿಟ್ಟಿದ್ದರೆ, ಆ ತಾಯಿ ಇದ್ದಳೆಂಬ ಅರಿವೂ ನಮಗೆ ಇರುತ್ತಿರಲಿಲ್ಲ. ಹೀಗೆ ಬಿಟ್ಟುಹೋದವರೆಷ್ಟು ಮಂದಿಯೋ! ಒಬ್ಬ ಓದುಗನ ತಾಳ್ಮೆಯ ಮೇಲೆ ಒಂದು ಬಾಳಿನ ಏಕೈಕ ಗುರುತು ನಿಂತಿರಬಹುದೆಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕಿಲ್ಲ.

ಓದಿದ್ದನ್ನು ಹಂಚಿಕೊಳ್ಳದಿದ್ದರೆ ಹಳಕಟ್ಟಿಯವರಿಗೆ ತೃಪ್ತಿಯಿರಲಿಲ್ಲ. ವಚನಶಾಸ್ತ್ರಸಾರದ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯವು ಮುದ್ರಿಸದೆ ಹಿಂದಿರುಗಿಸಿತು. ಅವರು ಎದೆಗುಂದದೆ 1923ರಲ್ಲಿ ಬೆಳಗಾವಿಯಲ್ಲಿ ಅದರ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಆಮೇಲೆ ಮನೆಯನ್ನೇ ಮಾರಿ 1925ರಲ್ಲಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಹೊರಡಿಸಿ ಮೂರು ದಶಕಗಳಿಗೂ ಹೆಚ್ಚು ಕಾಲ ನಡೆಸಿದರು. ಅದೇ ವರ್ಷ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಸಂದಿತು. ಹರಿಹರನ ರಗಳೆಗಳನ್ನು ಪ್ರಕಟಿಸಿದರು. ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ಅನುವಾದಿಸಿ 1922ರಲ್ಲಿಯೇ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಬೆಳಕಿಗೆ ತಂದರು. ವಕೀಲಿಕೆಯ ಗಳಿಕೆ ಓಲೆಗಳಿಗೆ, ಅಚ್ಚಿನ ಮೊಳೆಗಳಿಗೆ ಸವೆಯಿತು. ಪ್ರೀತಿಗೆ ತೆತ್ತ ಬೆಲೆಯನ್ನು ಅವರು ನಷ್ಟವೆಂದು ಎಣಿಸಲಿಲ್ಲ.

ಆ ಓದಿನಿಂದ ಹೊಸ ಬರಹವೂ ಚಿಗುರಿತು. ವಚನಗಳು ಮುದ್ರಣದಲ್ಲಿ ಕೈಗೆ ಬಂದ ಮೇಲೆ ಆಧುನಿಕ ಕವಿಗಳು ಆ ರೂಪದಲ್ಲಿ ತಮ್ಮ ಕಾಲವನ್ನು ನುಡಿದರು. ಎಸ್. ವಿ. ರಂಗಣ್ಣನವರ 'ರಂಗಬಿನ್ನಪ'ಕ್ಕೆ 1965ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. 'ಕಾವ್ಯಾನಂದ' ಸಿದ್ಧಯ್ಯ ಪುರಾಣಿಕರು ಆಡಳಿತದ ಹೊಣೆಗಳ ನಡುವೆಯೂ ಕವಿತೆಯನ್ನು ಬಿಡದೆ, ತಮ್ಮದೇ ಅಂಕಿತದಲ್ಲಿ ವಚನಗಳನ್ನು ರಚಿಸಿದರು. ಇತ್ತ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು 1993ರಲ್ಲಿ ಸಮಗ್ರ ವಚನ ಸಂಪುಟಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. ಹಳಕಟ್ಟಿಯವರು ಬಿತ್ತಿದ ಬೆಳೆ ಹೀಗೆ ಕಣಜ ತುಂಬಿತು.

ಇಂದು ವಚನಗಳು ಅಂಗೈಯಲ್ಲಿರುವ ಫೋನಿನಲ್ಲಿಯೇ ದೊರೆಯುತ್ತವೆ. ಮಸಿ ತಿಕ್ಕುವ ಶ್ರಮವಿಲ್ಲ, ಕಣ್ಣು ಸೋಲುವ ಭಯವಿಲ್ಲ. ಆದರೆ ಅಂಕಿತ ಕಳಚಿದ ವಚನಗಳೂ, ಯಾರದೋ ಮಾತಿಗೆ ಯಾರದೋ ಹೆಸರಂಟಿದ ನುಡಿಗಳೂ ದಿನನಿತ್ಯ ಕೈಯಿಂದ ಕೈಗೆ ಸಾಗುತ್ತಿವೆ. ಅಂಕಿತವೊಂದು ಬಿದ್ದುಹೋದರೆ ಒಬ್ಬ ಶರಣನ ಅಥವಾ ಶರಣೆಯ ಗುರುತೇ ಅಳಿಯುತ್ತದೆ. ಓಲೆಯ ಕಾಲದಲ್ಲಿ ಗೆದ್ದಲು ಮಾಡಿದ ಕೆಲಸವನ್ನು ನಮ್ಮ ಕಾಲದಲ್ಲಿ ಅವಸರ ಮಾಡುತ್ತಿದೆ.

ಆದುದರಿಂದ ಭಕ್ತರಲ್ಲಿ ಒಂದು ಬಿನ್ನಹ. ದಿನಕ್ಕೊಂದು ವಚನವನ್ನಾದರೂ ಪೂರ್ಣವಾಗಿ, ಅಂಕಿತಸಹಿತವಾಗಿ ಓದೋಣ. ಸಾಧ್ಯವಾದರೆ ಸ್ವಂತ ಕೈಯಿಂದ ಒಂದು ಪುಸ್ತಕದಲ್ಲಿ ಬರೆದಿಡೋಣ. ಬರೆಯುವ ಕೈ ಓದುವ ಕಣ್ಣಿಗಿಂತ ನಿಧಾನವಾದುದರಿಂದ, ಕಣ್ಣಿಗೆ ತಪ್ಪಿದ ಅರ್ಥ ಅದಕ್ಕೆ ಸಿಕ್ಕುತ್ತದೆ. ಮನೆಯ ಅಟ್ಟದಲ್ಲಿ ಹಳೆಯ ಕಟ್ಟುಗಳಿದ್ದರೆ ಬಲ್ಲವರಿಗೆ ತೋರಿಸೋಣ. ಹಿಂದಿನ ಪ್ರತಿಕಾರರು ಬರಹದ ಕೊನೆಯಲ್ಲಿ, ತಪ್ಪಿದ್ದರೆ ತಿದ್ದಿ ಓದಬೇಕೆಂದು ಮುಂದಿನವರನ್ನು ಬೇಡಿಕೊಳ್ಳುತ್ತಿದ್ದರು. ಅವರು ಬೇಡಿಕೊಂಡ ಆ ಮುಂದಿನವರು ನಾವೇ.