ತೆಂಗಿನ ಮರದಿಂದ ಹಿಮದ ನಾಡಿಗೆ

ಕಡೂರು, ತರೀಕೆರೆ, ಅಜ್ಜಂಪುರಗಳ ತೆಂಗಿನ ತೋಟಗಳಲ್ಲಿ ಬೆಳೆದವರಿಗೆ ಮರದ ಸುಳಿಯಲ್ಲಿ ಹಾವು ಕಂಡ ಕಥೆ ಹೊಸದಾಗಿರಲಾರದು. ಪಶ್ಚಿಮ ಆಫ್ರಿಕದ ಟೋಗೊ ದೇಶದಲ್ಲಿ ಅಂಥ ಒಂದು ಹಾವು ಹುಡುಗನೊಬ್ಬನ ಬದುಕಿನ ದಿಕ್ಕನ್ನೇ ಬದಲಿಸಿತು. ಅವನ ಹೆಸರು ಟೆಟೆ ಮಿಷೆಲ್ ಪೊಮಾಸಿ, ಹುಟ್ಟಿದ್ದು 1941ರಲ್ಲಿ.

ಹದಿಹರೆಯದಲ್ಲಿ ತೆಂಗಿನ ಮರ ಹತ್ತಿದಾಗ ಹಾವು ಎದುರಾಯಿತು. ಗಾಬರಿಯಿಂದ ಬಿದ್ದು ಕಾಯಿಲೆ ಮಲಗಿದ. ಹೆಬ್ಬಾವುಗಳನ್ನು ಪೂಜಿಸುವ ವನದ ಅರ್ಚಕಿಯ ಬಳಿಗೆ ತಂದೆ ಕರೆದೊಯ್ದರು. ಹುಡುಗ ಚೇತರಿಸಿಕೊಂಡ. ಆದರೆ ಹರಕೆ ಉಳಿಯಿತು: ಅವನು ಆ ವನಕ್ಕೇ ಸೇರಿ ಹಾವುಗಳ ಸೇವೆ ಮಾಡಬೇಕು. ಆ ದಿನಗಳಲ್ಲೇ ಲೋಮೆ ನಗರದ ಪುಸ್ತಕದ ಅಂಗಡಿಯಲ್ಲಿ ಎಸ್ಕಿಮೊ ಜನರ ಕುರಿತು ರಾಬರ್ಟ್ ಜೆಸೆನ್ ಬರೆದ ಫ್ರೆಂಚ್ ಪುಸ್ತಕ ಕೈಗೆ ಸಿಕ್ಕಿತು. (ಆ ಜನ ತಮ್ಮನ್ನು ಇನ್ಯೂಟ್ ಎಂದು ಕರೆದುಕೊಳ್ಳುತ್ತಾರೆ, ನಾವೂ ಹಾಗೆಯೇ ಕರೆಯುವುದು ಸರಿ.) ಅಲ್ಲಿ ಮರವಿಲ್ಲ, ಹಾವಿಲ್ಲ! ಹುಡುಗ ಮನೆ ಬಿಟ್ಟ.

ಕೈಯಲ್ಲಿ ಹಣವಿರಲಿಲ್ಲ. ಊರಿಂದೂರಿಗೆ ಸಿಕ್ಕ ಕೆಲಸ ಮಾಡುತ್ತ, ಭಾಷೆಗಳನ್ನು ಕಲಿಯುತ್ತ, ಘಾನಾ, ಸೆನೆಗಲ್ ದಾಟಿ ಯೂರೋಪು ಸೇರುವುದಕ್ಕೇ ವರ್ಷಗಳು ಹಿಡಿದವು. ಕೊನೆಗೆ ಡೆನ್ಮಾರ್ಕಿನಿಂದ ಹಡಗು ಹತ್ತಿ 1965ರಲ್ಲಿ ದಕ್ಷಿಣ ಗ್ರೀನ್‌ಲ್ಯಾಂಡಿನ ಯೂಲಿಯಾನೆಹೋಬ್ ಬಂದರಿನಲ್ಲಿ ಇಳಿದ. ದಡದಲ್ಲಿ ನೆರೆದಿದ್ದವರ ಮಾತು ನಿಂತುಹೋಯಿತು. ಅಷ್ಟು ಎತ್ತರದ ಕಪ್ಪು ಮನುಷ್ಯನನ್ನು ಕಂಡು ಮಕ್ಕಳು ತಾಯಂದಿರ ಹಿಂದೆ ಅಡಗಿದರು. ಆದರೆ ಬೇಗನೆ ಒಂದೊಂದೇ ಮನೆಯ ಬಾಗಿಲು ತೆರೆಯಿತು.

ದಕ್ಷಿಣದಲ್ಲಿ ಅವನಿಗೆ ನಿರಾಸೆಯೇ ಆಯಿತು. ಅಲ್ಲಿ ಮೀನುಗಾರಿಕೆ, ಕುರಿ ಸಾಕಣೆ. ಪುಸ್ತಕದಲ್ಲಿ ಕಂಡ ನಾಯಿಬಂಡಿಗಳಿಲ್ಲ. ಅದಕ್ಕಾಗಿ ಉತ್ತರಕ್ಕೆ ನಡೆದ. ಸಮುದ್ರ ಹೆಪ್ಪುಗಟ್ಟುವ ಆ ಕಡೆ ನಾಯಿಬಂಡಿ ಓಡಿಸಲು, ಹಿಮದಲ್ಲಿ ತೂತು ಕೊರೆದು ಮೀನು ಹಿಡಿಯಲು, ಸೀಲ್ ಮಾಂಸವನ್ನೂ ತಿಮಿಂಗಿಲದ ಹಸಿ ಚರ್ಮವನ್ನೂ ತಿನ್ನಲು ಕಲಿತ. ಹಿಂದೆ ಮೈಸೂರು ಸೈನ್ಯದ ಸಾಗಣೆ ಅಮೃತಮಹಲ್ ಎತ್ತುಗಳ ಕಾಲಿನ ಮೇಲೆ ನಡೆದದ್ದನ್ನು ಅಜ್ಜಂಪುರದವರು ಬಲ್ಲರು. ಅಲ್ಲಿಯ ಚಳಿಗಾಲ ನಡೆಯುತ್ತಿದ್ದದ್ದು ನಾಯಿಗಳ ಕಾಲಿನ ಮೇಲೆ.

ಉಪರ್ನವಿಕ್ ಎಂಬ ಊರು 72 ಡಿಗ್ರಿ ಉತ್ತರ ಅಕ್ಷಾಂಶವನ್ನೂ ದಾಟಿದೆ. ಅಲ್ಲಿ ಚಳಿಗಾಲದಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ಸೂರ್ಯ ಹುಟ್ಟುವುದಿಲ್ಲ. ಅಲ್ಲಿ ರಾಬರ್ಟ್ ಮಟ್ಟಾಕ್ ಎಂಬ ವೃದ್ಧರ ಹುಲ್ಲುಹೆಂಟೆಯ ಮನೆಯಲ್ಲಿ ಪೊಮಾಸಿ ತಂಗಿದ. ಬಡವರ ಮನೆ ಅದು. ಗೋಡೆಗೆ ಪತ್ರಿಕೆಗಳ ಹಾಳೆಗಳನ್ನು ಪದರಪದರವಾಗಿ ಅಂಟಿಸಿದ್ದರು. ಯಾವ ದೇಶದ ಸುದ್ದಿ ಯಾವ ಹಾಳೆಯ ಕೆಳಗಿದೆಯೆಂಬುದು ಅಜ್ಜನಿಗೆ ಗೊತ್ತು! ಆ ಗೋಡೆಯೇ ಅವರ ಗ್ರಂಥಾಲಯ. ಪುಸ್ತಕವೊಂದನ್ನು ಹಿಡಿದು ಹೊರಟ ಹುಡುಗನಿಗೆ ಅಲ್ಲಿ ಸಮಾನ ಮನಸ್ಕ ಸಿಕ್ಕಿದ ಎನ್ನಬೇಕು.

ನಮ್ಮ ಬೈಲಕುಪ್ಪೆಗೆ 1960ರ ದಶಕದಲ್ಲಿ ಟಿಬೆಟನ್ನರು ಶೀತದ ನಾಡಿನಿಂದ ಬಿಸಿಲಿಗೆ ಬಂದು ನೆಲೆಸಿದರು. ಅವರಿಗೆ ಬೇರೆ ದಾರಿ ಇರಲಿಲ್ಲ. ಪೊಮಾಸಿಯ ಪಯಣವಾದರೋ ಸ್ವಂತ ಹಠದ್ದು. ಅವನಿಗೂ ಆತಿಥೇಯರಿಗೂ ಇನ್ನೊಂದು ನಂಟಿತ್ತು. ಟೋಗೊ ಫ್ರೆಂಚರ ಆಡಳಿತದಿಂದ ಬಿಡುಗಡೆಯಾದದ್ದು 1960ರಲ್ಲಿ. ಗ್ರೀನ್‌ಲ್ಯಾಂಡ್ ಡೆನ್ಮಾರ್ಕಿನ ವಸಾಹತು ಎಂಬ ಸ್ಥಾನ ಕಳೆದುಕೊಂಡು ಆ ದೇಶದ ಭಾಗವಾದದ್ದು 1953ರಲ್ಲಿ. ಬಹುಕಾಲ ಆ ಜನರ ಬಗ್ಗೆ ಬರೆದವರು ಬಹುಪಾಲು ಯೂರೋಪಿನವರೇ. ಆಳಿಸಿಕೊಂಡ ನಾಡಿನವನೊಬ್ಬ ಇನ್ನೊಂದು ಅಂಥ ನಾಡನ್ನು ಕಂಡು ಬರೆದದ್ದು ಅಪರೂಪ. ಅಲ್ಲಿಯ ಕುಡಿತವನ್ನಾಗಲಿ ಬಡತನವನ್ನಾಗಲಿ ಅವನು ಮುಚ್ಚಿಡಲಿಲ್ಲ. ಮಕ್ಕಳಿಗೆ ಹಿರಿಯರು ಕೊಟ್ಟ ಸ್ವಾತಂತ್ರ್ಯವನ್ನು ಬೆರಗಿನಿಂದ ದಾಖಲಿಸಿದ. ಹಿರಿಯರ ಹರಕೆಗೆ ತಲೆಬಾಗಬೇಕಾಗಿದ್ದ ಮಗನಲ್ಲವೇ ಅವನು?

ಅಲ್ಲಿಯೇ ಉಳಿಯುವ ಆಸೆಯಿದ್ದರೂ, ಕಂಡದ್ದನ್ನು ತನ್ನ ನಾಡಿನ ಯುವಕರಿಗೆ ತಿಳಿಸಬೇಕೆಂದು 1966ರಲ್ಲಿ ಹಿಂದಿರುಗಿದ. ಅವನ ಪುಸ್ತಕ ಫ್ರೆಂಚಿನಲ್ಲಿ 1981ರಲ್ಲಿ ಪ್ರಕಟವಾಯಿತು. ಉತ್ತರ ಧ್ರುವ ಪ್ರದೇಶದ ತಜ್ಞ ಜಾನ್ ಮಲೋರಿ ಅದಕ್ಕೆ ಮುನ್ನುಡಿ ಬರೆದರು.