ಕೋಟೆಯ ಪಹರೆ ಹೋತು, ಮನೆಯ ಮಾತು ಒಳುದತ್ತು

ಕಳುದ ವಾರ ಪುಳ್ಳಿ ಬೆಂಗ್ಳೂರಿಂದ ಬಂದಿತ್ತು. "ಕೂಸೇ, ಬೆಶಿನೀರು ಕಾದಿದು, ಮಿಂದಿಕ್ಕಿ ಬಾ" ಹೇಳಿದೆ. ಅದಕ್ಕೆ ಅರ್ಥ ಆಯಿದಿಲ್ಲೆ, ಅಬ್ಬೆಯ ಮೋರೆ ನೋಡಿತ್ತು. ಸೊಸೆ ಇಂಗ್ಲೀಷಿಲಿ ಹೇಳಿದ ಮತ್ತೆ ಮೀವಲೆ ಹೋತು.

ಅಷ್ಟಪ್ಪಗ ಎನಗೆ ಹೊಸದುರ್ಗದ ಚೆಂಙಾಯಿಯ ನೆಂಪಾತು. ಕೊಡೆಯಾಲಲ್ಲಿ ಪಿಯುಸಿ ಕಲಿವಾಗ ಎನ್ನ ಒಟ್ಟಿಂಗೆ ಇದ್ದ ಕೂಸು, ಕೋಟೆಗಾರರ ಮನೆಯದ್ದು. ಅವರ ಕತೆ ಕೇಳಿರೆ ಮಾತು ಹೇಂಗೆ ಒಳಿತ್ತು, ಹೇಂಗೆ ಹೋವ್ತು ಹೇಳಿ ರಜ ಗೊಂತಾವ್ತು.

ಕೆಳದಿ ಅರಸುಗಳ ರಾಜ್ಯ ಕರಾವಳಿಲಿ ತೆಂಕಂತಾಗಿ ಬೆಳದತ್ತು. ಚಂದ್ರಗಿರಿ ಹೊಳೆ ದಾಂಟಿರೆ ಮಲೆಯಾಳ ಮಾತಿನ ಊರು. 1645ರಿಂದ 1660ರ ಒರೆಗೆ ಆಳಿದ ಶಿವಪ್ಪ ನಾಯಕನ ಕಾಲಲ್ಲಿ ಬೇಕಲದ ಕೋಟೆ ಎದ್ದತ್ತು ಹೇಳ್ತವು. ಮತ್ತೆ ಹೊಸದುರ್ಗಲ್ಲಿಯೂ ಒಂದು ಕೋಟೆ ಆತು. ಕಾವಲೆ ನಂಬಿಕೆಯ ಜೆನ ಬೇಕನ್ನೆ? ಬಡಗ ಹೊಡೆಂದ ಕನ್ನಡ ಮಾತಾಡುವ ಸೈನಿಕರ ಕುಟುಂಬಂಗಳ ಕರಕ್ಕೊಂಡು ಬಂದವು. ಅವ್ವೇ ಕೋಟೆಗಾರರು. ಈಗ ರಾಮಕ್ಷತ್ರಿಯರು ಹೇಳುದು.

1763ರಲ್ಲಿ ಹೈದರಾಲಿ ಬಿದನೂರಿನ ತೆಕ್ಕೊಂಡ. 1799ರಲ್ಲಿ ಟಿಪ್ಪು ಶ್ರೀರಂಗಪಟ್ಟಣಲ್ಲಿ ಬಿದ್ದ, ನಮ್ಮ ಊರು ಕಂಪೆನಿಯವರ ಕೈಗೆ ಹೋತು. ನಿಧಾನಕ್ಕೆ ಕೋಟೆಗೆ ಪಹರೆಯೇ ಬೇಡ ಆತು. ಚೆಂಙಾಯಿಯ ಮನೆಲಿ ಕತ್ತಿ ಹಿಡುದವರ ಮಕ್ಕೊ ತೋಟಕ್ಕೆ ಇಳುದವು, ಪುಳ್ಳಿಯಕ್ಕೊ ಶಾಲೆ, ಆಪೀಸು ಹೇಳಿ ಹೋದವು.

ಸುರುವಿಂಗೆ ಹೋದ್ದು ಕೆಲಸದ ಶಬ್ದಂಗೊ. ಬುರುಜು, ಕೊತ್ತಳ, ಪಹರೆ, ಮದ್ದಿನ ಮನೆ - ಇದೆಲ್ಲ ಅಜ್ಜಂದ್ರಿಂಗೆ ನಿತ್ಯದ ಮಾತು ಆಗಿಕ್ಕು. ಚೆಂಙಾಯಿಗೆ ಅದು ಪಾಠಪುಸ್ತಕದ ಶಬ್ದ. ಮತ್ತೆ ಹೆಸರು ಬದಲಿತ್ತು. ಕೋಟೆಗಾರ ಹೇಳ್ತದು ಮಲೆಯಾಳದ ಬಾಯಿಲಿ ಕೋಟ್ಟೆಯಾರ್ ಆತು. ಊರಿಂಗೂ ಎರಡು ಹೆಸರು: ತಾಲೂಕು ಇಂದಿಂಗೂ ಹೊಸದುರ್ಗ, ಅಲ್ಲೇ ಕಾಞಂಗಾಡಿಲಿ ಒಂದು ಜಾಗೆಗೆ ಪುದಿಯಕೋಟ್ಟ. ಎರಡರ ಅರ್ಥವೂ ಒಂದೇ, ಹೊಸ ಕೋಟೆ!

ಅಂಬಗ ಕನ್ನಡ ಒಳುದ್ದು ಎಲ್ಲಿ? ಅಡಿಗೆ ಒಳ. ಆನು ಒಂದರಿ ಅವರ ಮನೆಗೆ ಹೋಗಿತ್ತಿದ್ದೆ. ಜಾಲಿಲಿ ಮೀನು ಮಾರುವ ಹೆಮ್ಮಕ್ಕಳ ಹತ್ತರೆ ಅದರ ಅಜ್ಜಿ ಮಲೆಯಾಳಲ್ಲಿ ಚರ್ಚೆ ಮಾಡಿದವು. ಒಳ ಬಂದು ಚಿಲ್ಲರೆ ಎಣಿಸಿದ್ದು ಕನ್ನಡಲ್ಲಿ, ಪುಳ್ಳಿಯಕ್ಕಳ ಬೈದ್ದೂ ಕನ್ನಡಲ್ಲಿ. ಹೆರ ಎಂತ ಬೇಕಾರೂ ಮಾತಾಡಿ, ಹೊಸ್ತಿಲು ದಾಂಟಿದ ಮೇಲೆ ಕನ್ನಡವೇ ಹೇಳಿ ಅವರ ಕಟ್ಟುನಿಟ್ಟು. ಕೋಟೆಯ ಪಹರೆ ನಿಂದು ಎಷ್ಟೋ ತಲೆಮಾರು ಆದರೂ ಆ ಅಜ್ಜಿಯ ಪಹರೆ ನಿಂದಿದಿಲ್ಲೆ.

1956ರ ನವೆಂಬರ್ 1ಕ್ಕೆ ಕಾಸ್ರೋಡು ಕೇರಳಕ್ಕೆ ಸೇರಿತ್ತು. ಚೆಂಙಾಯಿಯ ಮಕ್ಕೊ ಮಲೆಯಾಳ ಶಾಲೆಲಿ ಕಲ್ತವು. ಮನೆಲಿ ಕನ್ನಡ ಮಾತಾಡ್ತವು, ಓದುಲೆ ಬರವಲೆ ಅರಡಿಯ. ಮೊನ್ನೆ ಫೋನಿಲಿ ಅದು ಹೇಳಿತ್ತು: "ಅಜ್ಜಿ ಬರೆದಿಟ್ಟ ಹಾಡಿನ ಪುಸ್ತಕ ಓದಲಿಕ್ಕೆ ಈಗ ಮನೆಯಲ್ಲಿ ನಾನೊಬ್ಬಳೇ ಮಾರಾಯ್ತಿ."

ಎನಗೆ ಎಂತ ಹೇಳೆಕ್ಕು ಹೇಳಿ ಗೊಂತಾಯಿದಿಲ್ಲೆ. ಅವರ ಊರಿಲಿ ಸುತ್ತ ಬೇರೆ ಮಾತು, ಶಾಲೆ ಬೇರೆ, ಆದರೂ ಇಷ್ಟು ಕಾಲ ಒಳುಶಿದವು. ನವಗೆ ಎಂತಾಯಿದು? ಎನ್ನ ಮಗ ಸಣ್ಣ ಇಪ್ಪಗ, ಶಾಲೆಲಿ ಹಿಂದೆ ಬೀಳುಗು ಹೇಳಿ ಹೆದರಿ ಮನೆಲಿಯೂ ಇಂಗ್ಲೀಷು ಮಾತಾಡುಸಿದ್ದು ಆನೇ. ಈಗ ಸೊಸೆಯ ದೂರಿ ಎಂತ ಗುಣ? ಹೊಸ್ತಿಲ ಹತ್ತರೆ ಪಹರೆ ಬಿಟ್ಟದು ಆನಲ್ಲದೋ?

ಪುಳ್ಳಿ ಹೆರಡುವ ದಿನ ಉದಿಯಪ್ಪಗ ಅಡಿಗೆ ಒಳಂಗೆ ಬಂದು, "ಅಜ್ಜೀ, ಬೆಶಿನೀರು?" ಹೇಳಿ ಕೇಳಿತ್ತು. ಒಂದು ಶಬ್ದ ಆದರೂ ಹತ್ತಿತ್ತನ್ನೆ. ಬಪ್ಪ ರಜೆಗೆ ಬಂದಪ್ಪಗ ಇನ್ನು ನಾಕು ಹೇಳಿಕೊಡೆಕ್ಕು.

ನಿಂಗಳ ಮನೆಲಿ ಮಕ್ಕೊ ಏವ ಶಬ್ದ ಮರದ್ದವು? ಹೇಳಿಕ್ಕಿ, ಆತೋ.